ನೀವು ಕೆನಡಾದವರಾಗಿದ್ದ ಆರು ವಾರ

ಶೇಲಾ, ಗ್ವಾಟೆಮಾಲಾ
24 ನವೆಂಬರ್ 2019

ಲೋರ್ನಾ ಅವರಿಗೆ,

ವಂದನೆಗಳು. ನೀವು ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಪೆಟ್ಟಿಗೆ ಸೆಪ್ಟೆಂಬರ್ ಕೊನೆಯಲ್ಲೇ ಬಂತು. ಉತ್ತರ ಬರೆಯಲು ಎರಡು ತಿಂಗಳು ತಡಮಾಡಿದ್ದಕ್ಕೆ ಕ್ಷಮಿಸಿ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು, ಆದರೆ ಇರಲಿಲ್ಲ. ಮೂರು ಸಲ ಬರೆದೆ, ಮೂರು ಸಲವೂ ಬರೀ ಬೈಗುಳವಾಯಿತು, ಹರಿದು ಹಾಕಿದೆ. ಎದುರು ನಿಂತು ಬೈಯುವುದು ನನಗೆ ಬಾರದು ಎಂದು ನೀವು ಬಲ್ಲಿರಿ. ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ ಎಂದು ನನಗೂ ಈಗಲೇ ಗೊತ್ತಾದದ್ದು. ಇದು ನಾಲ್ಕನೆಯ ಪತ್ರ. ಇದನ್ನು ಹರಿಯುವುದಿಲ್ಲ. ನೀವು ಪದಕೋಶ ತೆರೆಯಬೇಕಾಗದಂತೆ ಬಿಡಿಬಿಡಿಯಾಗಿ ಬರೆಯುತ್ತೇನೆ, ಪಾಠದ ಹೊತ್ತಿನಲ್ಲಿ ಮಾತಾಡುತ್ತಿದ್ದ ಹಾಗೆ.

ಇಲ್ಲಿ ಚಳಿ ಹಿಡಿದಿದೆ. ಬೆಳಗ್ಗೆ ಹಿತ್ತಲ ತೊಟ್ಟಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ನಿಮ್ಮ ಕೋಣೆಯಲ್ಲಿ ಈಗ ಡೆನ್ಮಾರ್ಕಿನ ಇಬ್ಬರು ಹುಡುಗಿಯರಿದ್ದಾರೆ. ಭಾಷಾಶಾಲೆಯವರು ನಿಮ್ಮನ್ನು ಕಳಿಸಿದ ಹಾಗೆಯೇ ಅವರನ್ನೂ ಕಳಿಸಿದರು. ಊಟ ಇಲ್ಲೇ, ನಿದ್ದೆ ಇಲ್ಲೇ, ಬೆಳಗ್ಗೆ ನಾಲ್ಕು ತಾಸು ನನ್ನ ಸ್ಪ್ಯಾನಿಷ್ ಪಾಠ. ಅಮ್ಮ ಅವರನ್ನು ಯಾವ ದೇಶ ಎಂದು ಕೇಳಲಿಲ್ಲ. ಬಡಿಸುತ್ತಾಳೆ, ಎದ್ದು ಒಲೆಯ ಕಡೆ ಹೋಗುತ್ತಾಳೆ. ಒಂದು ಹುಡುಗಿ ನನ್ನನ್ನು ಕೇಳಿದಳು, "ನಿಮ್ಮಮ್ಮನಿಗೆ ನಾವು ಇಷ್ಟ ಆಗಿಲ್ವಾ?" ಅಮ್ಮನಿಗೆ ಕಿವಿ ಸ್ವಲ್ಪ ಮಂದ ಎಂದು ಹೇಳಿದೆ. ಅಮ್ಮನ ಕಿವಿ ಹೇಗಿದೆ ಎಂದು ನಿಮಗೆ ಗೊತ್ತು. ನಿಮ್ಮ ಜೊತೆ ಕೂತರೆ ಕಾಫಿ ಆರಿದರೂ ಅವಳು ಏಳುತ್ತಿರಲಿಲ್ಲ.

ಪೆಟ್ಟಿಗೆಯನ್ನು ಅಂಚೆಯವನು ತಂದಾಗ ಒದಿಲಿಯಾ ಚಿಕ್ಕಮ್ಮ ಬಂದಿದ್ದಳು. ಅವಳನ್ನು ನೀವು ಮರೆತಿರಲಾರಿರಿ. ನೀವು ಬಂದ ಎರಡನೆಯ ಭಾನುವಾರ ನಿಮ್ಮ ಚೀಲದ ಮೇಲೆ ಹೊಲಿದಿದ್ದ ಕೆಂಪೆಲೆಯ ಬಾವುಟ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತವಳು.

"ಕೆನಡಾದವಳಾ ತಾಯಿ? ಒಳ್ಳೇದಾಯ್ತು ಸಿಕ್ಕಿದ್ದು. ನಿಮ್ಮೋರ ಚಿನ್ನದ ಗಣಿಯಲ್ಲಿ ಮದ್ದು ಸಿಡಿಸಿ ಸಿಡಿಸಿ ನಮ್ಮನೆ ಗೋಡೆ ಬಿರುಕು ಬಿಟ್ಟಿದೆ. ಬಿಡುವಾದಾಗ ಬಂದು ಮೆತ್ತಿಕೊಡು."

ನಿಮ್ಮ ಮುಖ ಕೆಂಪಾಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು, "ನನ್ನ ದೇಶದ ಪರವಾಗಿ ನಿಮ್ಮ ಕ್ಷಮೆ ಕೇಳ್ತೀನಿ" ಎಂದಿರಿ.

"ನಿನ್ನ ಕ್ಷಮೆ ಕಲಸಿ ಗೋಡೆಗೆ ಬಳಿಯಕ್ಕಾಗತ್ತಾ?" ಎಂದಳು ಚಿಕ್ಕಮ್ಮ. ಆಮೇಲೆ ನಿಮಗೇ ದೊಡ್ಡ ರೊಟ್ಟಿ ಹಾಕಿದಳು. ಅಮ್ಮ ಅವಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಪಾಪ ಆ ಹೆಂಗಸೇನು ಗಣಿ ತೋಡಿದ್ಲಾ?" ಎಂದು ಗದರಿದ್ದು ನಿಮಗೂ ಕೇಳಿಸಿರಬೇಕು. ನಿಮ್ಮದಲ್ಲದ ದೇಶದ ಪರವಾಗಿ ಅಷ್ಟು ಸುಲಭವಾಗಿ ಕ್ಷಮೆ ಕೇಳಿದಿರಲ್ಲ, ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಕಣ್ಣಲ್ಲಿ ನೀರೂ ಬಂದಿತ್ತು.

ಇರಲಿ, ಪೆಟ್ಟಿಗೆಗೆ ಬರುತ್ತೇನೆ. ಅಮ್ಮನಿಗೆ ಓದು ಅಷ್ಟಕ್ಕಷ್ಟೆ. ಅವಳು ಬಿಲ್ಲು ಓದಲಾರಳು, ಬಸ್ಸಿನ ಫಲಕ ಓದಲಾರಳು. ಆದರೆ ನನ್ನ ತಮ್ಮ ನೆರಿ ಅಮೆರಿಕದ ಸೆರೆಯಲ್ಲಿದ್ದ ಏಳು ತಿಂಗಳು ಅವನಿಗೆ ಹೋಗುವ ಪತ್ರದ ಮೇಲೆ ವಿಳಾಸವನ್ನು ತಾನೇ ಬರೆಯುತ್ತೇನೆಂದು ಹಟ ಹಿಡಿದಿದ್ದಳು. ನಾನು ಬರೆದುಕೊಟ್ಟ ಅಕ್ಷರಗಳನ್ನು ನೋಡಿಕೊಂಡು, ನಾಲಗೆ ಕಚ್ಚಿಕೊಂಡು, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೂತು ಬರೆಯುತ್ತಿದ್ದಳು. ಹಾಗಾಗಿ ಪೆಟ್ಟಿಗೆಯ ಮೂಲೆಯಲ್ಲಿದ್ದ ನಿಮ್ಮ ವಿಳಾಸದ ಮೇಲೆ ಬೆರಳಿಟ್ಟಳು.

"ಇದು ಅರಿಜೋನಾ ಅಲ್ವಾ? ಎಲೂವಿಯಾ, ನೋಡು. ನೆರಿ ಇದ್ದ ಕಡೆಯದು."

"ಕೆನಡಾದಮ್ಮ ಅಲ್ಲಿಗ್ಯಾಕೆ ಹೋದ್ಲು?" ಎಂದಳು ಚಿಕ್ಕಮ್ಮ.

ಪೆಟ್ಟಿಗೆಯಲ್ಲಿ ಚಾಕೊಲೇಟಿನ ಜೊತೆ ಇದ್ದ ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದೆ. ಒಂದು ಸಾಲೂ ಬಿಡಲಿಲ್ಲ. ಹೊರಡುವ ಮುಂಚೆ ನಿಮ್ಮ ಶಾಲೆಯ ಜೊತೆ ಶಿಕ್ಷಕಿಯೊಬ್ಬರು, ಆ ಕಡೆ ಹೋದರೆ ಕೆನಡಾದವಳೆಂದು ಹೇಳಿಕೋ, ಯಾರೂ ಮುಖ ಸಿಂಡರಿಸುವುದಿಲ್ಲ, ವಾದಕ್ಕೆ ಬರುವುದಿಲ್ಲ ಎಂದು ಹೇಳಿದರಂತೆ. ಹುಟ್ಟಿ ಬೆಳೆದದ್ದೆಲ್ಲ ಅರಿಜೋನಾದಲ್ಲೇ ಆದರೂ ನಿಮ್ಮ ದೇಶ ನಡೆದುಕೊಳ್ಳುತ್ತಿರುವ ರೀತಿಗೆ ನಿಮಗೆ ನಾಚಿಕೆಯಾಗಿತ್ತಂತೆ. ಮೊದಲ ದಿನ ಸುಳ್ಳು ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲವಂತೆ. ಇಂಥ ಪ್ರೀತಿಯ ಮನೆಗೆ ಸುಳ್ಳು ಹೇಳಿದ್ದು ಈಗ ಕೊರೆಯುತ್ತಿದೆಯಂತೆ. ಕೊನೆಯ ಸಾಲಿನಲ್ಲಿ, ನೆರಿ ಹೇಗಿದ್ದಾನೆ ಎಂದು ಕೇಳಿದ್ದೀರಿ.

ಹೇಳುತ್ತೇನೆ. ಅದಕ್ಕೂ ಮುಂಚೆ, ನಿಮಗೆ ಗೊತ್ತಿರುವ ಒಂದು ಮಧ್ಯಾಹ್ನದ ಬಗ್ಗೆ ಬರೆಯಬೇಕು. ನೀವು ಅದನ್ನು ಮೇಜಿನ ಆ ಬದಿಯಿಂದ ಕಂಡಿರಿ, ನಾನು ಈ ಬದಿಯಿಂದ.

ಅದು ಮೂರನೆಯ ವಾರದ ಗುರುವಾರ. ಅಮ್ಮ ಆಲೂಗಡ್ಡೆಯ ಪಾಚೆಗಳನ್ನು ಎಲೆಯಲ್ಲಿ ಕಟ್ಟಿ ಬೇಯಿಸಿದ್ದಳು, ನೀವು ಮೂರು ತಿಂದಿರಿ. ಆಮೇಲೆ ಅವಳು ಕೈ ಒರೆಸಿಕೊಂಡು ವಕೀಲರ ಕಾಗದ ತಂದಳು. ನೆರಿ ಫೀನಿಕ್ಸಿನಲ್ಲಿ ಚಾವಣಿ ಕೆಲಸ ಮಾಡುತ್ತಿದ್ದ. ಗೆಳೆಯನ ಕಾರಿನ ಹಿಂದಿನ ದೀಪ ಒಡೆದಿತ್ತೆಂದು ಪೊಲೀಸರು ತಡೆದು ನಿಲ್ಲಿಸಿದರು, ಕಾಗದಪತ್ರವಿಲ್ಲವೆಂದು ಅಲ್ಲಿಂದ ಸೆರೆಗೆ ಹಾಕಿದರು. ಇದೆಲ್ಲ ನಿಮಗೆ ಗೊತ್ತಿತ್ತು. ಅಲ್ಲಿನ ನಾಗರಿಕರೊಬ್ಬರು, ಇವನು ನಮ್ಮ ಮನೆಯಲ್ಲಿರುತ್ತಾನೆ, ವಿಚಾರಣೆಗೆ ಹಾಜರಾಗುತ್ತಾನೆ ಎಂದು ವಿಳಾಸ ಕೊಟ್ಟು ರುಜು ಹಾಕಿದರೆ ಬಿಡಬಹುದು ಎಂದು ವಕೀಲರು ಬರೆದಿದ್ದರು. ನಮ್ಮ ನೆಂಟರಲ್ಲಿ ಅಲ್ಲಿರುವ ಯಾರಿಗೂ ಕಾಗದಪತ್ರಗಳಿಲ್ಲ.

"ಮಗಳೇ, ಆ ಕಡೆ ನಿಂಗೆ ಯಾರಾದ್ರೂ ಗೊತ್ತಾ?" ಎಂದು ಕೇಳಿದಳು ಅಮ್ಮ. "ಅಮೆರಿಕದವರು, ಒಬ್ಬರೇ ಒಬ್ಬರು ಸಾಕು. ಅವನು ಮೂಲೇಲಿ ಬಿದ್ಕೋತಾನೆ. ಪಾತ್ರೆ ತೊಳೀತಾನೆ, ನಾನೇ ಕಲ್ಸಿದೀನಿ. ಜಗಳಗಂಟ ಅಲ್ಲ."

"ಅಮ್ಮಾ, ನಾನು ಕೆನಡಾದವಳು," ಎಂದಿರಿ ನೀವು. "ಅಲ್ಲಿ ನಂಗೆ ಯಾರೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಖಂಡಿತ ಮಾಡ್ತಿದ್ದೆ."

ಹಾಗೆಂದು ಅಳಲು ಶುರುಮಾಡಿದಿರಿ. ಅಮ್ಮ ಕಾಗದ ಮಡಿಸಿಟ್ಟು ನಿಮ್ಮ ಬೆನ್ನು ಸವರಿದಳು. "ಅಳಬೇಡ ಮಗಳೇ, ಇದ್ರಲ್ಲಿ ನಿನ್ನ ತಪ್ಪೇನಿದೆ? ನನ್ನ ಮಗನ್ನ ಹಿಡಿದಿಟ್ಟಿದ್ದು ನಿನ್ನ ದೇಶವಾ?" ಎಂದಳು.

ಲೋರ್ನಾ, ನಿಮ್ಮ ವಿಳಾಸವನ್ನು ನಕ್ಷೆಯಲ್ಲಿ ನೋಡಿದೆ. ನಿಮ್ಮ ಮನೆಯಿಂದ ಅವನಿದ್ದ ಸೆರೆಮನೆಗೆ ಕಾರಿನಲ್ಲಿ ಐವತ್ತು ನಿಮಿಷ. ಮಾರ್ಚ್ ಕೊನೆಗೆ ನೀವು ಊರು ಸೇರಿದಿರಿ. ಅವನು ಅಲ್ಲಿ ಇನ್ನೂ ಎರಡೂವರೆ ತಿಂಗಳು ಇದ್ದ. ಆಗ ನಿಮ್ಮ ಮುಂದೆ ನಾವಿರಲಿಲ್ಲ, ಯಾವ ಸುಳ್ಳನ್ನೂ ಹಿಂದೆ ತೆಗೆದುಕೊಳ್ಳಬೇಕಿರಲಿಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಹೆಸರಿನಲ್ಲಿ, ನಿಮ್ಮ ಮನೆಯ ವಿಳಾಸ ಬರೆದು ಒಂದು ರುಜು ಹಾಕಬೇಕಿತ್ತು. ದೇಶದ ಬಗ್ಗೆ ನಾಚಿಕೆ ಎಂದು ಬರೆದಿದ್ದೀರಿ. ಅಷ್ಟು ನಾಚಿಕೆ ಇದ್ದವರು ಅದನ್ನು ಅಲ್ಲಿಗೆ ಒಯ್ದು ಯಾರದಾದರೂ ಉಪಯೋಗಕ್ಕೆ ಹಾಕಬಹುದಿತ್ತು. ನೀವು ಅದನ್ನು ಚಾಕೊಲೇಟಿನ ಜೊತೆ ಕಟ್ಟಿ ನಮಗೆ ಕಳಿಸಿದಿರಿ.

ನಾನು ದೇಶ ಮರೆಮಾಚುವವರನ್ನು ಕಂಡರೆ ಉರಿದುಬೀಳುವವಳು ಎಂದು ತಿಳಿಯಬೇಡಿ. ಈ ಮನೆಯಲ್ಲಿ ನಾವು ಅದನ್ನು ಹೇಳಿಕೊಡುತ್ತೇವೆ. ನೀವು ಕೂತು, ಕೆನಡಾದ ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರಾಡಿದ ಬಾಲ್ಯವೆಂದು ಪಾಠದ ಪ್ರಬಂಧ ಬರೆಯುತ್ತಿದ್ದ ಅದೇ ಮೇಜಿನಲ್ಲಿ, ನಿಮಗಿಂತ ಎರಡು ವರ್ಷ ಮುಂಚೆ, ನೆರಿಯನ್ನು ಕೂರಿಸಿ ಮೆಕ್ಸಿಕೋದವನನ್ನಾಗಿ ಮಾಡಿದೆವು. ಮೆಕ್ಸಿಕೋ ದಾಟುವಾಗ ಅಲ್ಲಿನ ಪೊಲೀಸರು ಹಿಡಿದರೆ ವಾಪಸು ಇಲ್ಲಿಗೇ ಅಟ್ಟುತ್ತಾರೆ. ಹಾಗಾಗಿ ಇಲ್ಲಿಂದ ಹೊರಡುವವರೆಲ್ಲ ಅಲ್ಲಿಯವರಾಗಲು ಕಲಿತು ಹೊರಡುತ್ತಾರೆ. ನಾನು ಸಾಹಿತ್ಯ ಓದಿದವಳಲ್ಲವೇ, ಅವನಿಗೊಂದು ಊರು, ಒಂದು ಬೀದಿ, ಸತ್ತುಹೋದ ಒಬ್ಬ ಅಜ್ಜನನ್ನು ಕಟ್ಟಿಕೊಟ್ಟೆ. ಅವರ ರಾಷ್ಟ್ರಗೀತೆ ಬಾಯಿಪಾಠ ಮಾಡಿಸಿದೆ. ಅಮ್ಮ ಸೌಟು ಹಿಡಿದು ಪೊಲೀಸಾಗುತ್ತಿದ್ದಳು.

"ಏಯ್, ಎಲ್ಲಿಯವನೋ ನೀನು?"

"ಚಿಯಾಪಾಸ್ ಕಡೆಯವನು ಸಾಹೇಬ್ರೆ."

"ಮುಖ ನೋಡಿದ್ರೆ ಹಾಗೆ ಕಾಣಲ್ಲ. ನಿಮ್ಮೂರ ಹಬ್ಬ ಯಾವತ್ತು?"

"ಜನವರಿ ಇಪ್ಪತ್ತು."

"ನಿನ್ನ ಪಕ್ಕದ ಮನೆಯವಳ ಹೆಸರು?"

"ಅವಳ ಗಂಡ ಇಲ್ಲೇ ನಿಂತಿದಾನೆ ಸಾಹೇಬ್ರೆ, ಹೇಗೆ ಹೇಳ್ಲಿ?"

ಅಮ್ಮ ಸೌಟಿನಲ್ಲೇ ಅವನ ತಲೆಗೆ ಮೊಟಕಿದಳು, ಆಮೇಲೆ ನಗು ತಡೆಯಲಾರದೆ ಒಲೆಯ ಮುಂದೆ ಕೂತುಬಿಟ್ಟಳು. ಅವನು ಸುಳ್ಳು ಹೇಳಿದ್ದು ಯಾರೂ ತನ್ನನ್ನು ಹಿಡಿಯಬಾರದೆಂದು. ನೀವು ಹೇಳಿದ್ದು ಎಲ್ಲರೂ ನಿಮ್ಮನ್ನು ಮೆಚ್ಚಲಿ ಎಂದು. ಎರಡನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ. ನೀವು ನಿಜ ಹೇಳಿದ್ದರೆ ಏನಾಗುತ್ತಿತ್ತು? ಚಿಕ್ಕಮ್ಮ ಗಣಿಯ ಬದಲು ಬೇರೆ ಏನಕ್ಕಾದರೂ ಬೈಯುತ್ತಿದ್ದಳು. ಅವಳಿಗೆ ನಿಮ್ಮ ದೇಶದ ಮೇಲೆ ಹೇಳಲು ಬೇಕಾದಷ್ಟಿದೆ. ಒಂದು ಭಾನುವಾರ ಬೈಸಿಕೊಳ್ಳುತ್ತಿದ್ದಿರಿ. ಆಮೇಲೆ ಅದೇ ದೊಡ್ಡ ರೊಟ್ಟಿ ಸಿಗುತ್ತಿತ್ತು.

ಈಗ ನೆರಿಯ ವಿಷಯ. ಜೂನ್ ತಿಂಗಳಲ್ಲಿ ಅವನಿಗೆ ಸಾಕಾಯಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಏಳು ತಿಂಗಳು ಕಳೆದವನು ವಾಪಸು ಹೋಗಲು ಒಪ್ಪಿದ್ದೇನೆಂದು ತಾನೇ ರುಜು ಹಾಕಿಕೊಟ್ಟ. ಬೇರೆ ಯಾರೂ ಹಾಕಲಿಲ್ಲವಲ್ಲ. ವಿಮಾನದಲ್ಲಿ ಕರೆತಂದು ಬಿಟ್ಟರು. ಆರು ವಾರ ಮನೆಯಲ್ಲಿದ್ದ, ನಿಮ್ಮ ಕೋಣೆಯಲ್ಲೇ ಮಲಗಿದ್ದ. ಮಾತು ಕಡಿಮೆಯಾಗಿತ್ತು, ಬಾಗಿಲು ಹಾಕಿದರೆ ಎದ್ದು ತೆರೆಯುತ್ತಿದ್ದ. ಆಗಸ್ಟಿನಲ್ಲಿ ಮತ್ತೆ ಹೊರಟ. ಸೆಪ್ಟೆಂಬರ್ ಮೂರರಂದು ಅಮೆರಿಕದ ಗಡಿಯ ಹತ್ತಿರದಿಂದ ಫೋನ್ ಮಾಡಿ, ನಾಳೆ ನಡೆಯುತ್ತೇವೆ, ನೀರು ತಗೊಂಡಿದೀನಿ ಎಂದು ಅಮ್ಮನಿಗೆ ಹೇಳು ಎಂದ. ಆಮೇಲೆ ಫೋನಿಲ್ಲ. ಇವತ್ತಿಗೆ ಎಂಬತ್ತೆರಡು ದಿನ.

ಮರುಭೂಮಿಯಲ್ಲಿ ಸಿಕ್ಕ ಗುರುತಿಲ್ಲದ ದೇಹಗಳನ್ನು ನಿಮ್ಮ ಕಡೆ ಒಂದು ಸರ್ಕಾರಿ ಕಚೇರಿಯಲ್ಲಿ ಪಟ್ಟಿ ಮಾಡುತ್ತಾರೆಂದು ವಕೀಲರು ತಿಳಿಸಿದರು. ನಾನು ಒಂಬತ್ತು ಸಲ ಫೋನ್ ಮಾಡಿದೆ. ಆ ಕಡೆಯವರು ಇಂಗ್ಲಿಷಿನಲ್ಲಿ ಬೇಗ ಬೇಗ ಏನೋ ಹೇಳಿ ಕಾಯಿಸುತ್ತಾರೆ, ಕಾಯುತ್ತಿರುವಾಗ ಫೋನ್ ಕಡಿದುಹೋಗುತ್ತದೆ. ಅಲ್ಲಿಗೆ ನೀವು ಹೋಗಬೇಕು. ನಿಮ್ಮ ನಿಜವಾದ ಪಾಸ್‌ಪೋರ್ಟ್ ಹಿಡಿದುಕೊಂಡು, ಆ ದೇಶದವಳಾಗಿ, ನಿಂತು ಕೇಳಬೇಕು. ಇಪ್ಪತ್ತಮೂರು ವರ್ಷ, ಕುಳ್ಳ, ಎಡಗಡೆಯ ಕೋರೆಹಲ್ಲಿಗೆ ಬೆಳ್ಳಿಯ ಕಟ್ಟು, ಬಲ ಮೊಣಕೈ ಮೇಲೆ ಸುಟ್ಟ ಗುರುತು. ಗ್ವಾಟೆಮಾಲಾದವರ ಪಟ್ಟಿ ನೋಡಿ ಸುಮ್ಮನೆ ಬಂದುಬಿಡಬೇಡಿ. ಅವನ ಜೇಬಿನಲ್ಲಿ ಗ್ವಾಟೆಮಾಲಾದ ಒಂದು ನಾಣ್ಯವೂ ಇರುವುದಿಲ್ಲ, ಅಂಗಿಯ ಕಾಲರಿನ ಲೇಬಲನ್ನೂ ನಾನೇ ಬಿಚ್ಚಿ ಮೆಕ್ಸಿಕೋದ್ದು ಹೊಲಿದೆ. ಮೆಕ್ಸಿಕೋದವರ ನಡುವೆ ಹುಡುಕಿ. ನಾನು ಅಷ್ಟು ಚೆನ್ನಾಗಿ ಕಲಿಸಿದ್ದೇನೆ.

ಈ ಕೆಲಸ ಹೇಳಿದ್ದೇನೆಂದು ಅಮ್ಮನಿಗೆ ಗೊತ್ತಿಲ್ಲ. ಅವನು ಎಲ್ಲೋ ಕೆಲಸಕ್ಕೆ ಸೇರಿದ್ದಾನೆ, ಫೋನು ಕಳಕೊಂಡಿದ್ದಾನೆ ಎಂದು ಅವಳು ನಂಬಿದ್ದಾಳೆ, ಅಥವಾ ನಂಬಿದಂತೆ ಇದ್ದಾಳೆ. ನಾನು ಪತ್ರ ಬರೆಯುವುದನ್ನು ನೋಡಿ, "ಲೋರ್ನಾಗಾ? ಬೈದು ಬರೀಬೇಡ, ಒಂಟಿ ಹೆಂಗಸು. ದೇವರು ಅವಳನ್ನ ಚೆನ್ನಾಗಿಟ್ಟಿರ್ಲಿ ಅಂತ ನಾನಂದೆ ಅಂತ ಬರಿ" ಎಂದಳು. ಬರೆದಿದ್ದೇನೆ. ಈ ಹಾರೈಕೆ ಅವಳದು. ನನ್ನದನ್ನು ನೀವು ಆ ಕಚೇರಿಗೆ ಹೋಗಿಬಂದ ಮೇಲೆ ಕಳಿಸುತ್ತೇನೆ.

ಎಲೂವಿಯಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಡಬಹುದು ಎಂದುಕೊಂಡಿದ್ದೆ. ನೀವು ಬಂದ ನಾಲ್ಕನೆಯ ದಿನ, ನೀವು ಸ್ನಾನಕ್ಕೆ ಹೋಗಿದ್ದಾಗ, ಹೊದಿಕೆ ಬದಲಿಸಲು ನಿಮ್ಮ ಕೋಣೆಗೆ ಬಂದೆ. ದಿಂಬಿನ ಕೆಳಗೆ ನಿಮ್ಮ ಪಾಸ್‌ಪೋರ್ಟ್ ಇತ್ತು. ತೆರೆದು ನೋಡಿದೆ. ಹುಟ್ಟಿದ ಸ್ಥಳದ ಮುಂದೆ ಅರಿಜೋನಾ ಎಂದಿತ್ತು. ಆ ಗುರುವಾರ ಅಮ್ಮ ನಿಮ್ಮನ್ನು ಕೇಳುವಾಗ ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆದರೆ ಅತಿಥಿಯ ವಸ್ತು ಮುಟ್ಟಿದವಳಾಗುತ್ತಿದ್ದೆ. ನನಗೆ ನಾಚಿಕೆಯಾಯಿತು. ಇದಕ್ಕಿಂತ ದೊಡ್ಡ ಕಾರಣ ಇರಬಹುದೆಂದು ಎಷ್ಟೋ ಹುಡುಕಿದೆ, ಸಿಗಲಿಲ್ಲ. ಮರುವಾರ ಸೆರೆಯಿಂದ ನೆರಿ ಫೋನ್ ಮಾಡಿದ್ದ. "ಅಕ್ಕಾ, ಈ ದೇಶದೋರು ಕೆಲವರು ಬೇರೆ ದೇಶಕ್ಕೆ ಹೋದಾಗ ಕೆನಡಾದೋರು ಅಂತ ಹೇಳ್ಕೋತಾರಂತೆ, ನನ್ನ ಪಕ್ಕದೋನು ಹೇಳ್ದ. ಆ ನಿಮ್ಮ ಅತಿಥಿ ನಿಜವಾಗ್ಲೂ ಕೆನಡಾದವರಾ?" ಎಂದು ಕೇಳಿದ. ಹೌದು ಎಂದೆ. ಅವನು ನಂಬಿದ.