ಗ್ಯಾರೇಜಿನ ಸ್ವಿಚ್ಚು

ಅಪ್ಪನಿಗೆ,

ಭಾನುವಾರ ಬರುತ್ತಿದ್ದೇನೆ, ಅದೇ ಕರೆಂಟು ಕಾರಿನಲ್ಲಿ. "ಈ ಆಟದ ಸಾಮಾನು ಗುಡ್ಡ ಹತ್ತಲ್ಲ, ನಡುದಾರೀಲಿ ಕೈಕೊಡುತ್ತೆ" ಅಂದಿದ್ದೆಯಲ್ಲ, ಕಳೆದ ಸಲ ಹತ್ತಿತು. ಇಳಿಜಾರಿನಲ್ಲಿ ಚಾರ್ಜು ನಾಲ್ಕು ಪರ್ಸೆಂಟ್ ಏರಿತು ಕೂಡ.

ನಲವತ್ತು ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದ ನೀನು, ನನ್ನ ಕಾರಿನ ಬಾನೆಟ್ ಎತ್ತಿ ಅದರಲ್ಲಿಲ್ಲದ ಆಯಿಲ್ ನೋಡುವ ಕಡ್ಡಿ ಹುಡುಕಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಗಲಿಲ್ಲ. ಆದರೂ ನೀನು ಊಟ ಮುಗಿಸಿದ್ದೇ ಗ್ಯಾರೇಜಿಗೆ ಹೋಗಿ ಚಾರ್ಜಿಂಗಿನ ಸ್ವಿಚ್ಚು ಆರಿಸಿದೆ. ನಾನೂ ಅರ್ಧ ಚಾರ್ಜಿನಲ್ಲೇ ಹೊರಟುಬಿಟ್ಟೆ.

ಕಾರು ಮಾರುವುದಿಲ್ಲ, ಬರುವುದನ್ನೂ ಬಿಡುವುದಿಲ್ಲ. ಈ ಸಲ ಬ್ಯಾಟರಿ ಪೂರ್ತಿ ಖಾಲಿ ಮಾಡಿಕೊಂಡೇ ನಿನ್ನ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ. ಸ್ವಿಚ್ಚು ಆರಿಸಿದರೆ ವಾಪಸು ಹೋಗಲಾಗುವುದಿಲ್ಲ, ನಿನ್ನೆದುರೇ ಕೂತಿರುತ್ತೇನೆ.

ಈಗ ಬೇಕಿದ್ದರೆ ಆರಿಸು.

ನಿನ್ನಷ್ಟೇ ಹಟಮಾರಿ,
ಮಗಳು