ಕಚ್ಚಿ ನಿಲ್ಲದ ಕ್ಲಾಂಪು

ಅಣ್ಣನಿಗೆ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ. ನಾನೇ ಬಂದರೆ ಮಾತಿಗೆ ಮಾತು ಬೆಳೆಯುತ್ತದೆಂದು ಡ್ರೈವರ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಸುನ್ನತಿಯಲ್ಲಿ ಚರ್ಮ ಕಚ್ಚಿ ಹಿಡಿದು ರಕ್ತ ತಡೆಯಲೆಂದು ನಾನು ಮಾಡುತ್ತಿರುವ ಹೊಸ ಕ್ಲಾಂಪನ್ನು ನೀನು ಕೋಟಿನ ಜೇಬಿಗೆ ಹಾಕಿಕೊಂಡು ಹೋದೆಯಂತೆ. ಅದರ ತಳ ಅಗಲವಾಗಿದೆ, ಮಗು ಒದ್ದರೂ ಅಲುಗುವುದಿಲ್ಲ, ನಿಜ. ಆದರೆ ಅದರಂತೆಯೇ ಮಾಡಿದ ಇನ್ನೊಂದನ್ನು ನಿನ್ನೆ ಕ್ರಿಮಿ ಸಾಯಲೆಂದು ಹಬೆಯಲ್ಲಿ ಬೇಯಿಸಿ ತೆಗೆದು ರಬ್ಬರ್ ಕೊಳವೆಗೆ ಹಾಕಿ ನೋಡಿದೆ. ಸ್ವಲ್ಪ ಹೊತ್ತು ಗಟ್ಟಿಯಾಗಿ ಹಿಡಿದಿತ್ತು. ಆಮೇಲೆ ಯಾರೂ ಮುಟ್ಟದೆಯೇ ಟಕ್ಕೆಂದು ಬಿಚ್ಚಿಕೊಂಡಿತು. ಚರ್ಮ ಕೊಯ್ದ ಮೇಲೆ ಹೀಗಾದರೆ ರಕ್ತ ನಿಲ್ಲುವುದು ಹೇಗೆ?

"ನನ್ನ ಮಗನಿಗೇ ಮೊದಲು ಹಾಕ್ತೀನಿ, ಆಮೇಲೆ ಯಾರು ತಕರಾರು ತೆಗೀತಾರೆ ನೋಡೋಣ" ಎಂದು ನೀನು ಅಂದಾಗ ತಮಾಷೆ ಎಂದುಕೊಂಡಿದ್ದೆ. ಈಗ ಅತ್ತಿಗೆ ನಿನ್ನ ಆಸ್ಪತ್ರೆಯಿಂದ ಫೋನ್ ಮಾಡಿ, "ಇವತ್ತೇ ಅಂತೆ, ಮಗೂಗೆ ಹಾಲೂ ಕೊಡಬೇಡ ಅಂದಿದಾರೆ" ಎಂದರು. ಹೊಟ್ಟೆ ತುಂಬಿದ ಮಗುವಿಗೆ ನೀನು ಅರಿವಳಿಕೆ ಕೊಡಲಾರೆ ಎಂದು ಗೊತ್ತಿದ್ದೇ, "ಈಗಲೇ ಕುಡಿಸಿಬಿಡಿ" ಎಂದೆ. ಅಷ್ಟರಲ್ಲಿ ಹಿಂದಿನಿಂದ ನಿನ್ನ ದನಿ ಕೇಳಿಸಿತು, ಫೋನ್ ಕಟ್ಟಾಯಿತು.

ಅತ್ತಿಗೆಯನ್ನು ಬೈಯಬೇಡ. ಕ್ಲಾಂಪನ್ನು ಡ್ರೈವರ್ ಕೈಯಲ್ಲೇ ಕೊಟ್ಟು ಕಳಿಸು. ಅವನು ಬರಿಗೈಯಲ್ಲಿ ಬಂದರೆ ಮಗುವಿನ ಬಗ್ಗೆ ಅವನನ್ನು ಏನೆಂದು ಕೇಳಲಿ?

ನಿನ್ನ ತಂಗಿ