ಶೈಲಶ್ರೀ ಹೆಸರಿಗೆ ಬಂದ ಕ್ಯಾಮೆರಾ

ಬೈಲಹೊಂಗಲ
ಶುಕ್ರವಾರ, ೨೧ ನವೆಂಬರ್ ೨೦೨೫

ಚಿ. ಸೌ. ಶೈಲಶ್ರೀಗೆ,

ನಿನ್ನ ಯಜಮಾನ ಮಾಳಪ್ಪ ಮಾಡುವ ಆಶೀರ್ವಾದಗಳು. ಆಶೀರ್ವಾದ ಮಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿದ ಮೇಲೆ ನೀನೇ ನಿರ್ಧರಿಸು. ಬೇಡವೆನಿಸಿದರೆ ಮರಳಿ ಕಳಿಸಿಬಿಡು. ಇದನ್ನು ತರುತ್ತಿರುವ ನಿನ್ನ ತಮ್ಮ ಮಾಂತೇಶ ಹೇಗೂ ರವಿವಾರ ಈ ಕಡೆ ಬರುತ್ತಾನೆ.

ನೀನು ಹೇಳಿದಂತೆ ಕಸ್ಟಮ್ಸ್ ಕಚೇರಿಗೆ ಕೊಡುವ ಹೇಳಿಕೆ ಬರೆಯಲು ಕುಳಿತೆ. ಆರಂಭ ಹೀಗೆ ಬಂತು:

“ಎತ್ತರದ ಕುರ್ಚಿಯಲ್ಲಿ ಆಸೀನರಾಗಿರುವ ಘನ ಅಧಿಕಾರಿಗಳೇ, ಅವರ ಎಡಬಲದಲ್ಲಿ ಕಂಗೊಳಿಸುವ ಗುಮಾಸ್ತರೇ, ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಸಿಪಾಯಿಗಳೇ, ಏಳು ಸಮುದ್ರದಾಚೆಯಿಂದ ಬರುವ ಪೆಟ್ಟಿಗೆಗಳ ಹೊಟ್ಟೆಯೊಳಗಿನ ಗುಟ್ಟು ಬಲ್ಲ ಮಹನೀಯರೇ, ಬಡ ಶಿಕ್ಷಕಿಯ ಎರಡು ಮಾತುಗಳನ್ನು ಶಾಂತಚಿತ್ತರಾಗಿ ಆಲಿಸಬೇಕು. ಬಂದದ್ದು ಒಂದು ಕ್ಯಾಮೆರಾ, ಬೆನ್ನಿಗೊಂದು ಲೆನ್ಸು. ಇಷ್ಟಕ್ಕೆ ಯಾಕೆ ನಮಗೆ ಇಷ್ಟೊಂದು ಸಸ್ಪೆನ್ಸು?”

ಇಲ್ಲಿಗೆ ನಿಲ್ಲಿಸಿದೆ. ಪ್ರಾಸ ಸಿಕ್ಕಿತು, ಮುಂದಿನ ಸಾಲು ಸಿಗಲಿಲ್ಲ. ಆ ಸಾಲು ಬಹಳ ಸಣ್ಣದು: ‘ಈ ಕ್ಯಾಮೆರಾ ನನ್ನ ಪತಿ ನನಗೆಂದು ತರಿಸಿಕೊಟ್ಟ ಉಡುಗೊರೆ.’ ಬುಧವಾರ ನೀನು ರಾಮದುರ್ಗದ ತವರಿನಿಂದ ಫೋನು ಮಾಡಿ ಬಾಯಿಂದಲೇ ಹೇಳಿದ ಸಾಲು. “ಏನ್ರೀ, ನಮ್ಮ ಸಾಲಿಗೆ ಕಸ್ಟಮ್ಸಿನವರ ಕಾಗದ ಬಂದೈತಂತ, ಹೆಡ್ ಮಾಸ್ತರು ಫೋಟೊ ಹೊಡದು ಕಳಿಸ್ಯಾರ. ಆ ಜಪಾನಿನ ಅಂಗಡಿಯಿಂದ ಯಾರ್ಯಾರಿಗೆ ಸಾಮಾನು ಬಂದೈತಿ ಅವರಿಗೆಲ್ಲಾ ಕಳಿಸ್ಯಾರಂತ. ಖರೇನ ಉಡುಗೊರಿ ಹೌದೊ ಅಲ್ಲೊ, ಕಿಮ್ಮತ್ತು ಸರಿಯಾಗಿ ಬರದಾರೊ ಇಲ್ಲೊ ಅಂತ ಕೇಳ್ಯಾರ. ನೀವು ಕನ್ನಡ ಬಿ.ಎ. ಅದೀರಿ, ಚಂದಂಗ ಬರದು ಕೊಡ್ರಿ. ಸೋಮವಾರ ನಾ ಸಹಿ ಮಾಡಿ, ಬೆಳಗಾವಿಗೆ ಹೋಗಿ ಕೊಟ್ಟು ಬರತೇನಿ. ಸಾಕ್ಷಿ ಕೇಳಿದ್ರ ನಾನ ಸಾಕ್ಷಿ” ಎಂದೆ ನೀನು. ಎಂದು ನಕ್ಕೆ.

ಈ ಪತ್ರದ ಸಂಗತಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಕ್ಕರೆ ನಾನು ಇನ್ನೂ ನಗಿಸಲು ಹೋಗುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಮ್ಮ ಸಂಸಾರದಲ್ಲಿ ಎಷ್ಟು ಮಾತುಗಳು ಹೀಗೆ ಮುಗಿದಿವೆಯೋ ನಿನಗೂ ಗೊತ್ತು.

ಅತ್ತೆಯವರ ಕಣ್ಣಿನ ಪಟ್ಟಿ ಬಿಚ್ಚಿದರೇ? ಕಾಣಿಸತೊಡಗಿದ ಕೂಡಲೇ ಅಳಿಯನ ಫೋಟೊ ತೋರಿಸಬೇಡ. ಆಪರೇಶನ್ ಆದವರು ಒಮ್ಮೆಲೇ ಬೆಚ್ಚಿ ಬೀಳಬಾರದು. ಇಲ್ಲಿ ಅವ್ವ ಆರಾಮ ಇದ್ದಾಳೆ. ಮೂರು ಹೊತ್ತೂ ನನಗೆ ರೊಟ್ಟಿ ಬಡಿದು ಹಾಕುತ್ತ, ಮೂರು ಹೊತ್ತೂ ನಿನ್ನ ಗುಣಗಾನ ಮಾಡುತ್ತಾಳೆ. ರೊಟ್ಟಿ ಹೇಗೋ ಇಳಿಯುತ್ತದೆ.

ಇನ್ನು ಕ್ಯಾಮೆರಾದ ಕಥೆಗೆ ಬರುತ್ತೇನೆ. ನಿನಗೆ ಅರ್ಧಮರ್ಧ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಕೈಗೆ ಸ್ವಲ್ಪ ಧೈರ್ಯ ಬರಲಿ.

ಹೋದ ಮಾಘ ಮಾಸದಲ್ಲಿ ನನ್ನ ಹಳೆಯ ಕ್ಯಾಮೆರಾ ಕಿತ್ತೂರಿನ ಒಂದು ಮದುವೆಯಲ್ಲಿ ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ ಕೈಕೊಟ್ಟಿತು. ಗಂಡಿನ ಸೋದರಮಾವ ಮಂಟಪದಲ್ಲೇ, “ಏನೋ ಫೋಟೊದಾವಾ, ಅಕ್ಕಿ ಎಲ್ಲಾ ಆರಿಸಿ ಹೊಳ್ಳಿ ಒಗೀಬೇಕೇನು?” ಎಂದು ಕೂಗಿದ. ಕಡೆಗೆ ಹಾಗೇ ಆಯಿತು. ಜನ ಎರಡನೆಯ ಸಲ ಅಕ್ಷತೆ ಒಗೆದರು, ಮದುಮಗಳು ಎರಡನೆಯ ಸಲ ನಾಚಿದಳು. ಅವತ್ತೇ ಹೊಸ ಕ್ಯಾಮೆರಾ ತರುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಹುಬ್ಬಳ್ಳಿಯ ಅಂಗಡಿಯಲ್ಲಿ ದರ ಕೇಳಿ ಬಂದು, ಸವದತ್ತಿಯ ಲಗಮಪ್ಪನ ಸ್ಟುಡಿಯೊದಲ್ಲಿ ಕುಳಿತು ನಿಟ್ಟುಸಿರು ಬಿಟ್ಟೆ. ಅವನು ಅಂದ: “ಮಾಳಪ್ಪಣ್ಣ, ಹುಬ್ಬಳ್ಳ್ಯಾಗ ತಗೊಳ್ಳೂದಂದ್ರ ಅವರ ಅಂಗಡಿ ಮ್ಯಾಲೆ ಇನ್ನೊಂದು ಮಾಳಗಿ ನಾವ ಕಟ್ಟಿಸಿ ಕೊಟ್ಟಂಗ. ಜಪಾನಿನಿಂದ ತರಸು. ಅದ ಕಂಪನಿ, ಅದ ಮಾಲು, ರೊಕ್ಕ ಕಡಿಮಿ.” ಅವನು ತನ್ನ ಫೋನಿನಲ್ಲಿ ಆ ಅಂಗಡಿ ತೋರಿಸಿದ. ನಾನು ಮನೆಗೆ ಬಂದು ನನ್ನ ಫೋನಿನಲ್ಲಿ ನೋಡಿದೆ. ಒಂದು ವಾರ ಬರೀ ನೋಡಿದೆ. ಆಮೇಲೆ ಒತ್ತಿದೆ.

ಮುಂದಿನದು ನಿನ್ನ ಕಡೆಯ ಕಥೆ. ಯುಗಾದಿಯ ಮುಂದೆ ನೀನು ಚಚಡಿಯ ಶಾಲೆಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಕೊರಿಯರ್‌ನವನ ಫೋನು ಬಂತು. “ಮೇಡಂ, ನಿಮ್ಮ ಹೆಸರಿಗೆ ಜಪಾನಿನಿಂದ ಗಿಫ್ಟ್ ಬಂದೈತ್ರಿ, ಕ್ಯಾಮೆರಾ” ಎಂದನಂತೆ. ಸ್ಟಾಫ್ ರೂಮೆಲ್ಲ ನಿನ್ನ ಮೇಲೆ ಬಿತ್ತಂತೆ. ಅನ್ನಪೂರ್ಣಾ ಟೀಚರು, “ನಮ್ಮನಿಯವ್ರು ನನಗ ಮಿಕ್ಸರ್ ರಿಪೇರಿ ಮಾಡಸಾಕ ಎಂಟು ತಿಂಗಳಾತು, ನಿಮ್ಮವ್ರು ಸೀದಾ ಜಪಾನಿಗೇ ಹೋಗ್ಯಾರಲ್ರಿ!” ಅಂದರಂತೆ. ನೀನು ಸಂಜೆಯ ಬಸ್ಸಿಳಿದು, ಮನೆಗೂ ಹೋಗದೆ ನೇರವಾಗಿ ಸ್ಟುಡಿಯೊಕ್ಕೆ ಬಂದೆ. ನಾನು ಯಾರದೋ ಪಾಸ್‌ಪೋರ್ಟ್ ಸೈಜಿನ ಫೋಟೊ ಕತ್ತರಿಸುತ್ತಿದ್ದೆ. ನಿನ್ನ ಮುಖ ನೋಡಿದೆ. ಕತ್ತರಿ ಗಿರಾಕಿಯ ಕಿವಿಯ ಮೇಲೆ ಹೋಯಿತು.

“ಏನ್ರೀ, ಇಪ್ಪತ್ತು ವರ್ಷ ಆದಮ್ಯಾಲೆ ನಿಮಗ ಬುದ್ಧಿ ಬಂತೇನು?” ಎಂದೆ ನೀನು. ಬೈಯುವ ಹಾಗೆ ಅಂದರೂ ನಿನ್ನ ಕಣ್ಣು ತುಂಬಿದ್ದವು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನಗೆ ಚಹಾ ತಂದಿದ್ದ ಅವ್ವ ಹಿಂದಿನಿಂದ, “ಸೊಸಿಗೆ ತರಿಸಿದ್ಯಾ? ಚಲೋ ಮಾಡಿದಿ. ನಿಮ್ಮಪ್ಪ ನನಗ ಒಂದು ಕನ್ನಡಿ ಸೈತ ತಂದು ಕೊಡಲಿಲ್ಲ” ಎಂದಳು. ನಾನು ಬಾಯಿ ಮುಚ್ಚಿದೆ. ಅವತ್ತು ನಾನು ಏನೂ ಹೇಳಲಿಲ್ಲ, ಶೈಲಾ. ಬರೀ ಬಾಯಿ ಮುಚ್ಚಿದ್ದು.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಒಳಗಿನ ಅಕ್ಷರವೆಲ್ಲ ಜಪಾನಿ. ಅಲ್ಲಿಯ ಪೇಟೆಗೆಂದು ಮಾಡಿದ ಮಾಲು, ಅದರಲ್ಲಿ ಬೇರೆ ಭಾಷೆಯೇ ಇಲ್ಲ ಎಂಬುದು ಆಗ ತಿಳಿಯಿತು. ಪರದೆಯ ಮೇಲೆ ಕೋಳಿ ಕಾಲು ಕೆರೆದ ಹಾಗೆ ಗೀಟುಗಳು. ನನಗೆ ಗುಂಡಿಗಳ ಜಾಗ ಗೊತ್ತಿದ್ದರಿಂದ ಹೇಗೋ ನಡೆಯಿತು. ನಿನಗೆಂದು ಒಂದು ಪ್ರಾಸ ಕಟ್ಟಿಕೊಟ್ಟೆ: ಮೊದಲನೇ ಸಾಲು ಬೆಳಕಿಗೆ, ಎರಡನೇ ಸಾಲು ಚುರುಕಿಗೆ, ಮೂರನೇ ಸಾಲು ಮುಟ್ಟಿದರೆ ಮುಖ ತೋರಿಸಬೇಡ ಬೀಗರಿಗೆ. ಮೂರನೆಯದು ಇದ್ದಬದ್ದ ಚಿತ್ರವನ್ನೆಲ್ಲ ಅಳಿಸುವ ಸಾಲು. ನೀನು ಅದನ್ನು ಪಾಠ ಹೇಳಿದ ಹಾಗೆ ಹೇಳುತ್ತ ಅಂಗಳದ ತುಂಬ ಓಡಾಡಿದೆ. ಅವ್ವ ಕ್ಯಾಮೆರಾಕ್ಕೆ ಭಂಡಾರದ ಪುಡಿ ಹಚ್ಚುತ್ತೇನೆಂದು ಬಂದಾಗ ನಾನು ಬೇಡ ಎನ್ನಬೇಕಾಗಿತ್ತು. ಹೊಸದಾಗಿ ಮನೆಗೆ ಬಂದ ಎಮ್ಮೆಗೂ ಬೈಕಿಗೂ ಹಚ್ಚಿದವಳು, ಇದಕ್ಕೆ ಬಿಟ್ಟಾಳೆಯೇ? ಬೀರದೇವರ ಹೆಸರು ಹೇಳಿ ಧಾರಾಳವಾಗಿ ಎರಚಿದಳು. ನೀನು ಅದೇ ಹೊತ್ತಿಗೆ ಲೆನ್ಸು ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ.

ಹುಬ್ಬಳ್ಳಿಯ ಸರ್ವಿಸ್ ಅಂಗಡಿಯವನು ಅದನ್ನು ತಿರುವಿ ನೋಡಿ, “ಇದು ನಮ್ಮ ದೇಶದಾಗ ಮಾರಿದ ಮಾಲಲ್ರಿ, ವಾರಂಟಿ ನಡಿಯೂದಿಲ್ಲ. ಒಳಗೇನ್ರಿ ಇದು, ಅರಿಶಿಣ?” ಎಂದು ಕೇಳಿದ್ದ. ನಿನಗೆ ‘ಸ್ವಚ್ಛ ಮಾಡಿ ಕೊಟ್ಟರು’ ಎಂದು ಹೇಳಿದೆ. ಮಾಡಿ ಕೊಟ್ಟವರು ಅವರಲ್ಲ. ಲಗಮಪ್ಪ ಮತ್ತು ನಾನು, ಅವನ ಸ್ಟುಡಿಯೊದಲ್ಲಿ, ಉಸಿರು ಬಿಗಿಹಿಡಿದು, ಗಾಳಿ ಊದುವ ರಬ್ಬರ್ ಚೆಂಡಿನಿಂದ. ಆದರೂ ತೆಗೆದ ಫೋಟೊಗಳಲ್ಲೆಲ್ಲ ಒಂದು ಮಸುಕು ಚುಕ್ಕೆ ಉಳಿಯಿತು. ನಮ್ಮ ಗಿರಾಕಿ ಮಾಯವ್ವ ಮಗಳ ಆಲ್ಬಮ್ಮಿನಲ್ಲಿ ಆ ಚುಕ್ಕೆ ನೋಡಿ ಕೈಮುಗಿದು, “ದೇವರು ಬಂದು ನಿಂತಾನ ನೋಡ್ರಿ, ದೊಡ್ಡದು ಮಾಡಿ ಕೊಡ್ರಿ” ಎಂದಳು. ದೊಡ್ಡದು ಮಾಡಿ ಕೊಟ್ಟೆ.

ಆಮೇಲೆ ಶುರುವಾದದ್ದು ನನ್ನ ಶಿಕ್ಷೆ. ಒಂದೊಂದು ಮದುವೆಗೂ ನಿನ್ನ ಅಪ್ಪಣೆ ಕೇಳಬೇಕಾಯಿತು. “ಶೈಲಾ, ನಿನ್ನ ಕ್ಯಾಮೆರಾ ಇವತ್ತೊಂದು ದಿವಸ ಒಯ್ಯಲೇನು?” ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವುದು. ನೀನು ಒಗ್ಗರಣೆ ಹಾಕುತ್ತ, ತಿರುಗಿಯೂ ನೋಡದೆ, “ಒಯ್ರಿ, ಆದ್ರ ಹುಷಾರು, ನಂದದು” ಎನ್ನುವುದು. ನನ್ನ ಕಸುಬಿನ ಹತಾರವನ್ನು ನಾನು ಇಸಕೊಂಡು ಹೋಗುತ್ತಿದ್ದೆ, ಸಂಜೆ ಒರೆಸಿ ನಿನ್ನ ಬೀರುವಿನಲ್ಲಿ ಇಡುತ್ತಿದ್ದೆ. ಲಗಮಪ್ಪ ಇದನ್ನು ಕೇಳಿ ನಕ್ಕೂ ನಕ್ಕೂ ಕೆಮ್ಮಿದ. ನಾನೂ ನಕ್ಕೆ. ಬರಬರುತ್ತ ನಗು ಕಡಿಮೆಯಾಯಿತು. ಯಾಕೆಂದರೆ ಶನಿವಾರಗಳು ಬಂದವು.

ಶನಿವಾರ ಶಾಲೆ ಮುಗಿದ ಮೇಲೆ ನೀನು ಅದನ್ನು ಹೆಗಲಿಗೆ ಹಾಕಿಕೊಂಡು ಚಚಡಿಯ ಓಣಿಗಳಲ್ಲಿ ತಿರುಗಿದೆ. ವಾಡೆಯ ಹಳೆಯ ಬಾಗಿಲು, ಹೊಲದ ಬದುವಿನ ಮೇಲೆ ಉಣ್ಣುವ ಹೆಣ್ಣುಮಕ್ಕಳು, ನಿನ್ನ ಐದನೇ ಇಯತ್ತೆಯ ಹುಡುಗರು. ಆಮೇಲೆ ಒಂದು ದಿನ ಬಿಸಿಯೂಟದ ಕೆಂಚವ್ವ. ಅವಳು ಫೋಟೊ ಎಂದರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುವವಳು. ಶಾಲೆಯ ಗುಂಪು ಫೋಟೊಕ್ಕೆ ಬಂದಾಗ ನಾನೇ ಎರಡು ಸಲ ಸೋತಿದ್ದೇನೆ. ನೀನು ಅವಳ ಎದುರು ಕುಳಿತು ಬದನೆಕಾಯಿ ಹೆಚ್ಚಿಕೊಟ್ಟೆಯಂತೆ, ಅವಳ ಮಗಳ ಬಾಣಂತನದ ಸುದ್ದಿ ಕೇಳಿದೆಯಂತೆ. ಅವಳು ಕ್ಯಾಮೆರಾ ಮರೆತ ಹೊತ್ತಿನಲ್ಲಿ ತೆಗೆದೆಯಂತೆ. ಆ ಚಿತ್ರ ನೋಡಿದಾಗ ನಾನು ಏನು ಅಂದೆ, ನೆನಪಿದೆಯೇ? “ಬೆಳಕು ಸ್ವಲ್ಪ ಹೆಚ್ಚಾತು” ಎಂದೆ. ಬೆಳಕು ಹೆಚ್ಚಾಗಿರಲಿಲ್ಲ. ಎರಡು ದಶಕದಿಂದ ಜನರಿಗೆ ಗದ್ದ ಮೇಲೆತ್ತಲು ಹೇಳುತ್ತ ಬಂದವನು ನಾನು. ಅಂಥ ಮುಖ ನನ್ನ ಕೈಗೆ ಒಂದು ಸಲವೂ ಸಿಕ್ಕಿಲ್ಲ. ಅವತ್ತು ನನಗಾದದ್ದು ಹೊಟ್ಟೆಕಿಚ್ಚು, ಅದರ ಬೆನ್ನಿಗೇ ನಾಚಿಕೆ.

ಕೆಂಚವ್ವ ಆ ಫೋಟೊಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದಳು. ನೀನು ಅದನ್ನು ನೋಡಿ ಬಂದ ದಿನ ಉಣ್ಣುತ್ತ ಹೇಳಿದೆ: “ನನಗ ಏನ ಬೇಕಾಗಿತ್ತು ಅಂತ ನನಗ ಗೊತ್ತಿರಲಿಲ್ರಿ. ನಿಮಗ ಹೆಂಗ ಗೊತ್ತಾತು?”

ಅವತ್ತು ನಾನು ಸಾರು ಹಾಕಿಸಿಕೊಂಡೆ. ಬೇಡವಾಗಿತ್ತು, ಆದರೂ ಹಾಕಿಸಿಕೊಂಡೆ.

ಈಗ ಮತ್ತೆ ಹೇಳಿಕೆಗೆ ಬಂದೆ. ‘ಈ ಕೆಳಗೆ ಸಹಿ ಮಾಡಿರುವ ಶೈಲಶ್ರೀ ಎಂಬ ನಾನು, ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಪ್ರಮಾಣಪೂರ್ವಕವಾಗಿ ತಿಳಿಸುವುದೇನೆಂದರೆ’ ಎಂದು ಬರೆದು ಹರಿದೆ. ‘ಘನ ಅಧಿಕಾರಿಗಳೇ, ಪ್ರೀತಿಗೆ ಉಂಟೇ ಬಿಲ್ಲು, ಉಡುಗೊರೆಗೆ ಉಂಟೇ ಮೊಬಲಗಿನ ಸೊಲ್ಲು’ ಎಂದು ಇನ್ನೊಂದು ಹಾಳೆಯಲ್ಲಿ ಬರೆದೆ. ಓದಿದರೆ ಚೆನ್ನಾಗಿತ್ತು. ನೀನು ಸೋಮವಾರ ಬೆಳಗಾವಿಯಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಅದನ್ನು ಅವರ ಮೇಜಿನ ಮೇಲೆ ಇಟ್ಟು, ಅವರು ಕೇಳದಿದ್ದರೂ ಇಡೀ ಕಥೆ ಹೇಳುವುದು ಕಣ್ಣಿಗೆ ಕಟ್ಟಿತು. ಅವರು ನಂಬುತ್ತಾರೆ. ನಿನ್ನನ್ನು ಯಾರು ನಂಬುವುದಿಲ್ಲ?

ಸಹಿ ಮಾಡಬೇಡ, ಶೈಲಾ.

ಅದು ನಿನಗೆಂದು ತರಿಸಿದ್ದಲ್ಲ. ಸ್ಟುಡಿಯೊಕ್ಕೆ ತರಿಸಿದ್ದು. ಪೆಟ್ಟಿಗೆಯ ಮೇಲೆ ಏನು ಬರೆಯಬೇಕೆಂದು ಅಂಗಡಿಯವರು ಕೇಳಿದಾಗ, ಸುಂಕ ಉಳಿಯಲೆಂದು, ಉಡುಗೊರೆ ಎಂದು ಬರೆಯಿರಿ, ಬೆಲೆ ಕಡಿಮೆ ಹಾಕಿ ಎಂದು ಹೇಳಿ, ನಿನ್ನ ಹೆಸರು, ನಿನ್ನ ಶಾಲೆಯ ವಿಳಾಸ, ನಿನ್ನ ಫೋನ್ ನಂಬರು ಕೊಟ್ಟವನು ನಾನು. ಪೆಟ್ಟಿಗೆ ಬಿಡಿಸಿಕೊಳ್ಳಲು ಗುರುತಿನ ಚೀಟಿ ಬೇಕೆಂದಾಗ ನಿನ್ನ ಆಧಾರ್ ಕಾರ್ಡನ್ನು ನಿನ್ನ ಬ್ಯಾಗಿನಿಂದ ತೆಗೆದು, ನಮ್ಮದೇ ಝೆರಾಕ್ಸ್ ಯಂತ್ರದಲ್ಲಿ ಪ್ರತಿ ತೆಗೆದು ಕಳಿಸಿದವನೂ ನಾನೇ. ನಿನಗೆ ಸಂಜೆ ಹೇಳಿದರಾಯಿತು ಎಂದುಕೊಂಡಿದ್ದೆ. ಕೊರಿಯರ್‌ನವನು ಮೊದಲೇ ಫೋನು ಮಾಡಿದ.

ನೀನು ನಂಬಿ ಸಹಿ ಮಾಡಿದರೂ ಕಾಗದದ ಮೇಲೆ ಅದು ನಿನ್ನ ಸುಳ್ಳಾಗುತ್ತದೆ, ನಿನ್ನ ನೌಕರಿಯ ಕಾಗದಪತ್ರಗಳಲ್ಲಿ ಅದು ಉಳಿಯುತ್ತದೆ. ಸೋಮವಾರ ಬೆಳಗಾವಿಗೆ ನಾನು ಹೋಗುತ್ತೇನೆ. ನಡೆದದ್ದನ್ನು ಬರೆದುಕೊಡುತ್ತೇನೆ, ಪ್ರಾಸವಿಲ್ಲದೆ. ದಂಡ ಹಾಕಿದರೆ ಕಟ್ಟುತ್ತೇನೆ, ಕ್ಯಾಮೆರಾ ಇಟ್ಟುಕೊಳ್ಳುತ್ತೇವೆ ಎಂದರೆ ಕೊಟ್ಟು ಬರುತ್ತೇನೆ. ಅದರಲ್ಲಿ ನೀನು ತೆಗೆದ ಚಿತ್ರಗಳನ್ನೆಲ್ಲ ಬೇರೆ ತೆಗೆದಿಟ್ಟಿದ್ದೇನೆ.

ನೀನು ಯಾವಾಗ ಬರುತ್ತೀ ಎಂದು ಕೇಳುವುದಿಲ್ಲ. ಬಂದಾಗ ಬಾ.

ಇಂತು,
ಮಾಳಪ್ಪ

ತಾ.ಕ.: ನಿಮ್ಮ ಹೆಸರಿಗೇ ಯಾಕೆ ತರಿಸಲಿಲ್ಲ ಎಂದು ನೀನು ಕೇಳಿಯೇ ಕೇಳುತ್ತೀ. ಸ್ಟುಡಿಯೊದವನ ಹೆಸರಿಗೆ ಕ್ಯಾಮೆರಾ ಬಂದರೆ ಸಂಶಯ ಬರುತ್ತದೆ, ಶಾಲೆಯ ಟೀಚರಮ್ಮನ ಹೆಸರಾದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ ಎಂದು ಲಗಮಪ್ಪ ಹೇಳಿಕೊಟ್ಟ ಎಂದು ಬರೆಯುವವನಿದ್ದೆ. ಲಗಮಪ್ಪ ಹಾಗೆ ಹೇಳಲಿಲ್ಲ. ಅದು ನನಗೇ ಹೊಳೆಯಿತು.